ನಗರ ಸುತ್ತಾಟಕ್ಕೆ ಫುಲ್‌ಫ್ರೇಮ್ ಕ್ಯಾಮೆರಾ: ಮುಸ್ಸಂಜೆಯ ಲೆಕ್ಕ ಹಿಡಿದು ಆರಿಸಿ

ನಡುಮಧ್ಯಾಹ್ನದ ಬಿಸಿಲಲ್ಲಿ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಎಫ್/8, 1/400 ಸೆಕೆಂಡು, ಐಎಸ್‌ಒ 100 ಇಟ್ಟು ಊರ ನಡುವಿನ ಚೌಕವೊಂದರ ಚಿತ್ರ ತೆಗೆಯಿರಿ. (ಎಫ್ ಸಂಖ್ಯೆ ಲೆನ್ಸ್‌ನ ಕಿಂಡಿಯ, ಅಂದರೆ ಅಪರ್ಚರ್‌ನ ಅಳತೆ, ಚಿಕ್ಕದಾದಷ್ಟೂ ಕಿಂಡಿ ದೊಡ್ಡದು; ಸೆಕೆಂಡಿನ ಲೆಕ್ಕ ಶಟರ್ ತೆರೆದಿರುವ ಹೊತ್ತು; ಐಎಸ್‌ಒ ಹೆಚ್ಚಿಸಿದರೆ ಕಡಿಮೆ ಬೆಳಕಲ್ಲೂ ಚಿತ್ರ ಬೆಳಗುತ್ತದೆ.) ಅದೇ ಚಿತ್ರವನ್ನು ಎಪಿಎಸ್-ಸಿ ಸೆನ್ಸರ್‌ನ ಸಣ್ಣ ಕ್ಯಾಮೆರಾದಲ್ಲೂ ತೆಗೆಯಿರಿ. ಲ್ಯಾಪ್‌ಟಾಪ್ ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದು ಎಂದು ಹೇಳುವುದು ಕಷ್ಟ. ಸೂರ್ಯ ಮುಳುಗಲಿ, ಅಂಗಡಿಗಳ ದೀಪ ಹತ್ತಲಿ, ಓಣಿಯಲ್ಲಿ ಜನರ ಓಡಾಟ ಶುರುವಾಗಲಿ; ಆಗ ಅದೇ ಎರಡು ಕ್ಯಾಮೆರಾಗಳ ವ್ಯತ್ಯಾಸ ಎದ್ದು ಕಾಣುತ್ತದೆ.

ಕಾರಣ ಸರಳ. ಫುಲ್‌ಫ್ರೇಮ್ ಸೆನ್ಸರ್‌ನ ಅಳತೆ 36×24 ಮಿ.ಮೀ., ಹಳೆಯ 35 ಎಂಎಂ ಫಿಲ್ಮಿನ ಒಂದು ಚೌಕಟ್ಟಿನಷ್ಟೇ. ವಿಸ್ತೀರ್ಣ 864 ಚದರ ಮಿ.ಮೀ. ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6, ಅಂದರೆ 367 ಚದರ ಮಿ.ಮೀ. ಅಂಗಳ ಎರಡೂಕಾಲು ಪಟ್ಟಿಗಿಂತ ದೊಡ್ಡದಾದರೆ ಅದರ ಮೇಲೆ ಬೀಳುವ ಮಳೆಯೂ ಅಷ್ಟೇ ಹೆಚ್ಚು. ಬೆಳಕಿನ ಲೆಕ್ಕವೂ ಹಾಗೆಯೇ. ಒಂದೇ ಕಾಲದ ಎರಡು ಸೆನ್ಸರ್‌ಗಳಲ್ಲಿ, ಒಂದೇ ಅಪರ್ಚರ್‌ನಲ್ಲಿ, ಫುಲ್‌ಫ್ರೇಮ್‌ನ ಐಎಸ್‌ಒ 6400 ಚಿತ್ರದ ಕಾಳುಕಾಳು (ನಾಯ್ಸ್) ಎಪಿಎಸ್-ಸಿಯ ಸುಮಾರು 2700ರಷ್ಟೇ ಇರುತ್ತದೆ. ಸ್ಟಾಪ್‌ಗಳ ಲೆಕ್ಕದಲ್ಲಿ 1.2 (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಹೆಚ್ಚಿನ ದುಡ್ಡು, ಹೆಚ್ಚಿನ ತೂಕ ಕೊಟ್ಟು ನೀವು ತರುವುದು ಮುಖ್ಯವಾಗಿ ಇಷ್ಟನ್ನೇ.

ಆದ್ದರಿಂದ ನಗರ ಪ್ರವಾಸಕ್ಕೆ ಫುಲ್‌ಫ್ರೇಮ್ ಒಯ್ಯುವವರು ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ), ಲೆನ್ಸ್, ಚೀಲ, ಸೆಟ್ಟಿಂಗ್ ಎಲ್ಲವನ್ನೂ ಸಂಜೆಯ ಆ ಒಂದೆರಡು ಗಂಟೆಗಳ ಲೆಕ್ಕದಲ್ಲಿ ಆರಿಸಬೇಕು. ಬೆಳಗಿನಿಂದ ಮೂರು ಕಿಲೋ ಹೊತ್ತು ತಿರುಗಿ, ಬೆಳಕು ಚಂದವಾಗುವ ಹೊತ್ತಿಗೆ ಸುಸ್ತಾಗಿ ಕೋಣೆಗೆ ಮರಳಿದರೆ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತಾಗುತ್ತದೆ.

ಮೊದಲು ಲೆನ್ಸ್, ಆಮೇಲೆ ಬಾಡಿ

ಹೆಚ್ಚಿನವರು ಬಾಡಿಗೆ ದುಡ್ಡು ಸುರಿದು, ಉಳಿದದ್ದರಲ್ಲಿ ಒಂದು ಲೆನ್ಸ್ ಹುಡುಕುತ್ತಾರೆ. ಇದು ತಲೆಕೆಳಗಾದ ಕ್ರಮ. ಎಫ್/6.3ಕ್ಕೆ ಇಳಿಯುವ ಉದ್ದ ಜೂಮ್ ಒಂದನ್ನು ಫುಲ್‌ಫ್ರೇಮ್‌ಗೆ ಸಿಕ್ಕಿಸಿದರೆ, ಸೆನ್ಸರ್‌ಗೆ ಸಿಗುವ ಒಟ್ಟು ಬೆಳಕು ಎಪಿಎಸ್-ಸಿ ಮೇಲಿನ ಎಫ್/4 ಲೆನ್ಸ್‌ನಷ್ಟೇ. ದೊಡ್ಡ ಸೆನ್ಸರ್‌ನ ಲಾಭವನ್ನು ಸಣ್ಣ ಕಿಂಡಿಯ ಲೆನ್ಸ್ ಪೂರ್ತಿ ನುಂಗಿಹಾಕುತ್ತದೆ. ಇಂಥ ಜೋಡಿ ಕೊಳ್ಳುವ ಬದಲು ಸಣ್ಣ ಕ್ಯಾಮೆರಾ ಕೊಂಡು ಹಗುರವಾಗಿ ತಿರುಗುವುದೇ ಲೇಸು.

ಯಾವ ನಾಭಿದೂರ (ಲೆನ್ಸ್ ಹೆಸರಿನಲ್ಲಿ ಬರುವ ಎಂಎಂ ಸಂಖ್ಯೆ; ಚಿಕ್ಕದಾದಷ್ಟೂ ನೋಟ ಅಗಲ) ಬೇಕೆಂದು ಊಹಿಸಬೇಡಿ, ಅಳೆಯಿರಿ. ಹಿಂದಿನ ಎರಡು ಪ್ರವಾಸಗಳ ಚಿತ್ರಗಳಲ್ಲಿ ನಿಮಗೆ ಮೆಚ್ಚಿಗೆಯಾದ ಐವತ್ತನ್ನು ಆರಿಸಿ, ಎಡಿಟಿಂಗ್ ತಂತ್ರಾಂಶದಲ್ಲಿ ಪ್ರತಿಯೊಂದರ ನಾಭಿದೂರ ನೋಡಿ. ಎಪಿಎಸ್-ಸಿ ಕ್ಯಾಮೆರಾದವಾದರೆ 1.5ರಿಂದ ಗುಣಿಸಿ (ಕ್ಯಾನನ್‌ನದಾದರೆ 1.6). ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 28 ಎಂಎಂಗೆ ಸಮ. ಹೀಗೆ ಬರೆದಿಟ್ಟರೆ ಹೆಚ್ಚಿನವರ ಪಟ್ಟಿ ಎರಡು ಕಡೆ ಗುಂಪುಗೂಡುತ್ತದೆ: ಕಟ್ಟಡ, ಬೀದಿಗೆ 24–35, ಜನ, ಬಾಗಿಲು, ಕೆತ್ತನೆಗೆ 50–85.

ಅಂಗಡಿಯಲ್ಲಿ ನಿಂತು ತೀರ್ಮಾನಿಸಲು ಇನ್ನೊಂದು ಲೆಕ್ಕ ನೆನಪಿಟ್ಟುಕೊಳ್ಳಿ. ಕ್ಯಾಮೆರಾ ಅಡ್ಡ ಹಿಡಿದಾಗ ಚಿತ್ರದಲ್ಲಿ ಬರುವ ಅಗಲ ಎಂದರೆ ದೂರವನ್ನು 36ರಿಂದ ಗುಣಿಸಿ ನಾಭಿದೂರದಿಂದ ಭಾಗಿಸಿದ್ದು. ಎತ್ತರಕ್ಕೆ 36ರ ಬದಲು 24. ನಾಲ್ಕು ಮೀಟರ್ ಅಗಲದ ಓಣಿಯಲ್ಲಿ ಒಂದು ಗೋಡೆಗೆ ಬೆನ್ನು ಹಚ್ಚಿ ಎದುರು ಗೋಡೆ ನೋಡುತ್ತಿದ್ದೀರಿ ಎನ್ನಿ. 50 ಎಂಎಂನಲ್ಲಿ ಸಿಗುವುದು 2.9 ಮೀಟರ್ ಅಗಲ, 1.9 ಮೀಟರ್ ಎತ್ತರ: ಬಾಗಿಲಲ್ಲಿ ನಿಂತ ಮನುಷ್ಯ ಅಡಿಯಿಂದ ಮುಡಿಯವರೆಗೆ ಹೇಗೋ ಹಿಡಿಸುತ್ತಾನೆ, ಬಾಗಿಲಿನ ತಲೆ ಕತ್ತರಿಸುತ್ತದೆ. 35 ಎಂಎಂನಲ್ಲಿ 4.1×2.7 ಮೀಟರ್: ಬಾಗಿಲು, ಮನುಷ್ಯ, ಪಕ್ಕದ ಸೈಕಲ್ಲು, ಮೇಲಿನ ದೀಪ ಎಲ್ಲ ಬರುತ್ತವೆ. 24 ಎಂಎಂನಲ್ಲಿ 6×4 ಮೀಟರ್: ಗೋಡೆಯೇ ಗೋಡೆ, ಮನುಷ್ಯ ಮೂಲೆಗುಂಪು. ಹಳೆಯ ಕೇರಿಗಳ ಇಕ್ಕಟ್ಟಿನಲ್ಲಿ 35 ಎಂಎಂ ಯಾಕೆ ಇಷ್ಟು ಬಳಕೆಯಲ್ಲಿದೆ ಎನ್ನುವುದಕ್ಕೆ ಈ ಲೆಕ್ಕವೇ ಉತ್ತರ.

ಇನ್ನು ಜೋಡಣೆ. ಚೆನ್ನಾಗಿ ನಡೆಯುವ ಜೋಡಣೆಗಳು ಮೂರು.

ಒಂದು, ಒಂದೇ ಪ್ರೈಮ್ ಲೆನ್ಸ್, ಅಂದರೆ ಜೂಮ್ ಆಗದ ಲೆನ್ಸ್. ನಿಕಾನ್ ಝಡ್ 40 ಎಂಎಂ ಎಫ್/2 ತೂಗುವುದು 170 ಗ್ರಾಂ, ಸೋನಿಯ 40 ಎಂಎಂ ಎಫ್/2.5 ಜಿ 173, ಕ್ಯಾನನ್ ಆರ್‌ಎಫ್ 28 ಎಂಎಂ ಎಫ್/2.8 ಬರೀ 120 ಗ್ರಾಂ. ಸೋನಿ 35 ಎಂಎಂ ಎಫ್/1.8 ತುಸು ಹೆಚ್ಚು, 280 ಗ್ರಾಂ. ಇಷ್ಟು ಹಗುರವಾದ ಕ್ಯಾಮೆರಾ ಚೀಲ ಸೇರುವುದೇ ಇಲ್ಲ, ಸದಾ ಕೈಯಲ್ಲಿರುತ್ತದೆ. ಗೋಪುರದ ತುದಿಯ ಗಡಿಯಾರ ಹತ್ತಿರ ಬರುವುದಿಲ್ಲ ಎನ್ನುವುದನ್ನು ಒಪ್ಪಿಕೊಂಡು ಹೊರಡಬೇಕು, ಅಷ್ಟೆ.

ಎರಡು, ಹಗಲಿಗೆ ಎಫ್/4 ಜೂಮ್, ಸಂಜೆಗೆ ಸಣ್ಣ ಪ್ರೈಮ್. ಸೋನಿ 20–70 ಎಫ್/4 ಜಿ 488 ಗ್ರಾಂ, ನಿಕಾನ್ ಝಡ್ 24–120 ಎಫ್/4 ಎಸ್ 630, ಕ್ಯಾನನ್ ಆರ್‌ಎಫ್ 24–105 ಎಫ್/4 ಎಲ್ 700. ಮೊದಲ ಸಲ ಫುಲ್‌ಫ್ರೇಮ್ ಹಿಡಿದು ಹೊರಡುವವರಿಗೆ ಕಣ್ಣು ಮುಚ್ಚಿ ಹೇಳಬಹುದಾದದ್ದು ಇದನ್ನೇ. ಸಂಜೆ ಐದಕ್ಕೆ ಕೋಣೆಗೆ ಬಂದು ಜೂಮ್ ಬಿಚ್ಚಿಡಿ, ಪ್ರೈಮ್ ಸಿಕ್ಕಿಸಿ, ಅದೊಂದನ್ನೇ ಹಿಡಿದು ಹೊರಡಿ. ಎರಡನ್ನೂ ಹೊತ್ತೊಯ್ದರೆ ಬೀದಿಯಲ್ಲಿ ಲೆನ್ಸ್ ಬದಲಿಸುವ ಚಾಳಿ ಹತ್ತುತ್ತದೆ, ಸೆನ್ಸರ್‌ಗೆ ಧೂಳೂ ಹತ್ತುತ್ತದೆ.

ಮೂರು, ಒಂದೇ ಎಫ್/2.8 ಜೂಮ್. ಸಿಗ್ಮಾ 28–70 (470 ಗ್ರಾಂ), ಟ್ಯಾಮ್ರಾನ್ 28–75ರ ಎರಡನೆಯ ಆವೃತ್ತಿ (540 ಗ್ರಾಂ) ಇಂಥವು. ಲೆನ್ಸ್ ಬದಲಿಸುವ ಗೊಡವೆಯಿಲ್ಲ. ಆದರೆ 24ರ ಬದಲು 28ರಿಂದ ಶುರುವಾಗುತ್ತವೆ. 84 ಡಿಗ್ರಿ ನೋಟ 75ಕ್ಕೆ ಇಳಿಯುತ್ತದೆ. ಒಳಾಂಗಣ, ಮೆಟ್ಟಿಲು, ಕಮಾನುಗಳನ್ನು ಹೆಚ್ಚು ತೆಗೆಯುವವರಿಗೆ ಈ ಒಂಬತ್ತು ಡಿಗ್ರಿ ದಿನಾ ಕಾಡುತ್ತದೆ.

70–200 ಎಫ್/2.8 ಮನೆಯಲ್ಲೇ ಇರಲಿ. ಅತಿ ಅಗಲದ 16–35 ಕೂಡ ವಾಸ್ತುಶಿಲ್ಪವೇ ನಿಮ್ಮ ವಿಷಯವಾಗಿದ್ದರೆ ಮಾತ್ರ. 16 ಎಂಎಂನಲ್ಲಿ ಚೌಕಟ್ಟಿನ ಅಂಚಿಗೆ ಬಂದ ಮನುಷ್ಯರ ತಲೆ ಹಲಸಿನಕಾಯಿಯಂತೆ ಹಿಗ್ಗುತ್ತದೆ.

ಬಾಡಿಯಲ್ಲಿ ನೋಡಬೇಕಾದ್ದು

ಬ್ಯಾಟರಿ, ಕಾರ್ಡು ಸೇರಿ ಕ್ಯಾನನ್ ಆರ್8 461 ಗ್ರಾಂ, ಸೋನಿ ಎ7ಸಿ 2 514 ಗ್ರಾಂ. ನಿಕಾನ್ ಝಡ್5 675ರ ಆಸುಪಾಸು, ಝಡ್‌ಎಫ್ 710. ಹಗುರದ ಹಿಂದೆ ಏನನ್ನು ಬಿಟ್ಟುಕೊಟ್ಟಿದ್ದಾರೆ ಎಂಬುದನ್ನು ಕೇಳಿ ತಿಳಿಯಿರಿ. ಆರ್8ರ ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆಯಿಲ್ಲ, ಬ್ಯಾಟರಿ ಚಿಕ್ಕದು, ಕಾರ್ಡಿಗೆ ಒಂದೇ ಜಾಗ. ಎ7ಸಿ 2ರಲ್ಲೂ ಒಂದೇ ಕಾರ್ಡು. ಝಡ್5ರಲ್ಲಿ ಎರಡು ಕಾರ್ಡು, ಅಲುಗಾಟ ತಡೆ ಎರಡೂ ಇವೆ, ತೂಕವೂ ಇದೆ. ಪ್ಯಾನಸೋನಿಕ್ ಎಸ್9 486 ಗ್ರಾಂನ ಪುಟ್ಟ ಕ್ಯಾಮೆರಾ. ಆದರೆ ವ್ಯೂಫೈಂಡರ್ (ಕಣ್ಣು ಹಚ್ಚಿ ನೋಡುವ ಭಾಗ) ಇಲ್ಲ, ಮೆಕ್ಯಾನಿಕಲ್ ಶಟರ್ (ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ) ಇಲ್ಲ. ಎಲ್‌ಇಡಿ ದೀಪಗಳ ಕೆಳಗೆ ಆ ಎರಡನೆಯ ಕೊರತೆ ಎಷ್ಟು ಕಾಡುತ್ತದೆ ಎನ್ನುವುದನ್ನು ಮುಂದೆ ನೋಡೋಣ.

ಅಲುಗಾಟ ತಡೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಅದು ನಿಮ್ಮ ಕೈನಡುಕವನ್ನು ಮಾತ್ರ ತಡೆಯುತ್ತದೆ, ಎದುರಿಗೆ ನಡೆಯುವವನನ್ನು ನಿಲ್ಲಿಸುವುದಿಲ್ಲ. 1/8 ಸೆಕೆಂಡಿನಲ್ಲಿ ಗೋಡೆ, ಕಮಾನು, ನಿಂತ ಬಸ್ಸು ಕೈಯಲ್ಲೇ ಚೂಪಾಗಿ ಬರುತ್ತವೆ. ನಡೆಯುವವರು ಹೊಗೆಯಂತೆ ಕದಡುತ್ತಾರೆ. ಜನರ ಚಿತ್ರವೇ ಮುಖ್ಯವಾದವರಿಗೆ ಅಲುಗಾಟ ತಡೆಗಿಂತ ಎಫ್/2 ಲೆನ್ಸ್ ಹೆಚ್ಚು ಉಪಕಾರಿ.

ಮೆಗಾಪಿಕ್ಸೆಲ್ 24 ಸಾಕು. ಹೆಚ್ಚಿದ್ದರೆ ಒಂದು ಅನುಕೂಲವಿದೆ: ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುವ ಎಪಿಎಸ್-ಸಿ ಕ್ರಾಪ್ ಗುಂಡಿ ಒತ್ತಿದರೆ 35 ಎಂಎಂ ಲೆನ್ಸ್ 52 ಎಂಎಂನ ನೋಟ ಕೊಡುತ್ತದೆ. ಆಗ 24ರಲ್ಲಿ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್, 33ರಲ್ಲಿ 14, 61ರಲ್ಲಿ 26. ಒಂದೇ ಪ್ರೈಮ್ ಹಿಡಿದು ಹೋಗುವವರು ಈ ಗುಂಡಿಯನ್ನು ಹೆಬ್ಬೆರಳಿಗೆ ಸಿಗುವ ಜಾಗಕ್ಕೆ ಹೊಂದಿಸಿಕೊಂಡರೆ ಎರಡು ಲೆನ್ಸ್ ಇದ್ದಂತೆಯೇ.

ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಹಿಂದಿನ ಬಗೆಯ ಕ್ಯಾಮೆರಾ) ಸೆಕೆಂಡ್‌ಹ್ಯಾಂಡ್ ಆಗಿ ಸಿಕ್ಕರೆ ಮೂಗು ಮುರಿಯಬೇಡಿ. 2012ರ ಕ್ಯಾನನ್ 6ಡಿ, 2014ರ ನಿಕಾನ್ ಡಿ750ರ ಸೆನ್ಸರ್‌ಗಳು ಇಂದಿಗೂ ಸಂಜೆಯ ಬೆಳಕಿಗೆ ಯೋಗ್ಯವೇ. ತೂಕ ಮಾತ್ರ ಲೆನ್ಸ್ ಇಲ್ಲದೆಯೇ ಮುಕ್ಕಾಲು ಕಿಲೋ ದಾಟುತ್ತದೆ. ಕೊಳ್ಳುವ ಮುನ್ನ ಎಫ್/16ರಲ್ಲಿ, ಫೋಕಸ್ ತಪ್ಪಿಸಿ, ಖಾಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ಕಲೆಗಳಿವೆಯೇ ನೋಡಿ. ಮುಚ್ಚಳ ಹಾಕಿ 10 ಸೆಕೆಂಡಿನ ಇನ್ನೊಂದು ಚಿತ್ರ ತೆಗೆದು ಕೆಂಪು, ನೀಲಿ ಚುಕ್ಕೆಗಳನ್ನು ಹುಡುಕಿ. ಲೆನ್ಸ್ ಹಾಕಿ ಮೆಲ್ಲಗೆ ಅಲುಗಿಸಿದಾಗ ಲೆನ್ಸ್ ಕೂರುವ ಮೌಂಟ್‌ನಲ್ಲಿ ಲಟಲಟ ಎಂದರೆ ಬಿಟ್ಟುಬಿಡಿ.

ಚೀಲದೊಳಗೆ

ಕ್ಯಾಮೆರಾ, ಲೆನ್ಸ್, ಬ್ಯಾಟರಿ, ಪಟ್ಟಿ, ಚೀಲ ಎಲ್ಲ ಸೇರಿ ಒಂದೂವರೆ ಕಿಲೋ ಮೀರದಿರಲಿ. ಹೊರಡುವ ವಾರ ಮುಂಚೆ ಎಲ್ಲವನ್ನೂ ತುಂಬಿ, ಹೆಗಲಿಗೆ ಹಾಕಿ, ಎರಡು ಗಂಟೆ ಬಿಡದೆ ನಡೆಯಿರಿ. ಕತ್ತು ನೋಯುತ್ತಿದ್ದರೆ ಏನನ್ನು ತೆಗೆಯಬೇಕು ಎಂಬುದು ಮನೆಗೆ ಬರುವಷ್ಟರಲ್ಲಿ ನಿಮಗೇ ಹೊಳೆದಿರುತ್ತದೆ. ಕ್ಯಾಮೆರಾದ ಜೊತೆ ಬರುವ ಕಿರಿದಾದ ಪಟ್ಟಿ ಕತ್ತಿಗೆ ಕೊಯ್ಯುತ್ತದೆ. ಅಗಲವಾದ, ಒಂದು ಹೆಗಲಿಂದ ಎದುರು ಸೊಂಟಕ್ಕೆ ಅಡ್ಡಲಾಗಿ ಬರುವ ಪಟ್ಟಿ ಬೇಕು. ಆರೇಳು ಲೀಟರಿನ ಅಡ್ಡ ಚೀಲ ಸಾಕು. ಕಳ್ಳರ ಕಣ್ಣಿಗೆ ಬೀಳುವಂಥ, ಕಂಪನಿಯ ಹೆಸರು ಎದ್ದು ಕಾಣುವ ಚೀಲ ಬೇಡ.

ಬ್ಯಾಟರಿ ಎರಡು; ಚಿಕ್ಕ ಬ್ಯಾಟರಿಯ ಕ್ಯಾಮೆರಾವಾದರೆ ಮೂರು. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಷ್ಟೇ ಒಯ್ಯಬಹುದು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿನವಕ್ಕೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕಿಲ್ಲ. ಸೋನಿಯ ಎನ್‌ಪಿ-ಎಫ್‌ಝಡ್100 ಇರುವುದು 16.4 ವ್ಯಾಟ್-ಅವರ್, 20,000 ಎಂಎಎಚ್ ಪವರ್‌ಬ್ಯಾಂಕ್ 3.7 ವೋಲ್ಟ್ ಲೆಕ್ಕದಲ್ಲಿ 74. ಲೋಹದ ತುದಿಗಳು ನಾಣ್ಯ, ಕೀಲಿಗೆ ತಾಗದಂತೆ ಪ್ರತಿ ಬ್ಯಾಟರಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಚಳಿಯೂರಿನಲ್ಲಿ ಬ್ಯಾಟರಿ ಬೇಗ ಬರಿದಾದಂತೆ ತೋರಿಸುತ್ತದೆ. ಬಿಡಿ ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಬಿಸಿಗೆ ತಾಗಿಸಿಟ್ಟುಕೊಳ್ಳಿ, ಸೋತದ್ದೂ ಬೆಚ್ಚಗಾದ ಮೇಲೆ ಇನ್ನಷ್ಟು ಚಿತ್ರ ಕೊಡುತ್ತದೆ.

ಕಾರ್ಡಿನ ಲೆಕ್ಕ: 24 ಮೆಗಾಪಿಕ್ಸೆಲ್ ಕ್ಯಾಮೆರಾದ ನಷ್ಟವಿಲ್ಲದೆ ಕುಗ್ಗಿಸಿದ ರಾ ಫೈಲ್ (ಸೆನ್ಸರ್ ಕಂಡದ್ದನ್ನು ತಿದ್ದದೆ ಉಳಿಸುವ ಫೈಲು) ಸುಮಾರು 30 ಎಂಬಿ. ದಿನಕ್ಕೆ 400 ಚಿತ್ರವಾದರೆ 12 ಜಿಬಿ. 64 ಜಿಬಿಯ ಎರಡು ಕಾರ್ಡು ಒಂದು ವಾರಕ್ಕೆ ಧಾರಾಳ. ದೊಡ್ಡದೊಂದೇ ಕಾರ್ಡಿಗಿಂತ ಎರಡು ಮೇಲು, ಕಳೆದರೂ ಅರ್ಧ ಉಳಿಯುತ್ತದೆ.

ಫಿಲ್ಟರ್‌ಗಳಲ್ಲಿ ಪ್ರತಿಫಲನ ತಗ್ಗಿಸುವ ಪೋಲರೈಸರ್ ಒಂದೇ ಸಾಕು, ಅದೂ ಹಗಲಿಗೆ. ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಗಾಜಿನ ಪ್ರತಿಬಿಂಬ ಅಳಿಸಬೇಕಾದರೆ ಗಾಜಿಗೆ ನೇರ ಎದುರು ನಿಂತು ಎಷ್ಟು ತಿರುಗಿಸಿದರೂ ಫಲವಿಲ್ಲ. ಗಾಜಿನ ಮೇಲ್ಮೈಗೆ ಸುಮಾರು 35 ಡಿಗ್ರಿ ಓರೆಯಾಗಿ ನಿಲ್ಲಬೇಕು. 24 ಎಂಎಂನಂಥ ಅಗಲ ಲೆನ್ಸ್‌ನಲ್ಲಿ ನೀಲಿ ಆಕಾಶಕ್ಕೆ ಇದನ್ನು ಬಳಸಬೇಡಿ, ಒಂದು ಪಕ್ಕ ಕಡುನೀಲಿ ಪಟ್ಟೆ ಬೀಳುತ್ತದೆ.

ಟ್ರೈಪಾಡ್ ಬಗ್ಗೆ ಯೋಚಿಸಿ ನಿರ್ಧರಿಸಿ. ವೀಕ್ಷಣಾ ಗೋಪುರ, ವಸ್ತು ಸಂಗ್ರಹಾಲಯ, ಮೆಟ್ರೋ ನಿಲ್ದಾಣಗಳಲ್ಲಿ ಅನೇಕ ಕಡೆ ಬಿಡುವುದೇ ಇಲ್ಲ. ಅಂಗೈಯಗಲದ ಮೇಜಿನ ಟ್ರೈಪಾಡ್ ಅಥವಾ ಅಕ್ಕಿಯೋ ಕಾಳೋ ತುಂಬಿದ ಪುಟ್ಟ ಬಟ್ಟೆಚೀಲ ಸೇತುವೆಯ ಕಟಾಂಜನದ ಮೇಲೆ ಚೆನ್ನಾಗಿ ಕೂರುತ್ತದೆ.

ಹೊರಡುವ ಮುನ್ನ ಕ್ಯಾಮೆರಾ ಹೀಗೆ ಹೊಂದಿಸಿ

1. ಗಡಿಯಾರವನ್ನು ಹೋಗುವ ಊರಿನ ಸಮಯಕ್ಕೆ ತಿರುಗಿಸಿ. ಆಮೇಲೆ ಚಿತ್ರ ಜೋಡಿಸುವಾಗ ಸಂಜೆಯದ್ದು ನಡುರಾತ್ರಿಗೆ ಬಿದ್ದಿದ್ದರೆ ತಲೆನೋವು.

2. ರಾ ಆರಿಸಿ. ನಷ್ಟವಿಲ್ಲದೆ ಕುಗ್ಗಿಸುವ ಆಯ್ಕೆಯಿದ್ದರೆ ಅದನ್ನೇ.

3. ಅಪರ್ಚರ್ ಆದ್ಯತೆಯ ಮೋಡ್ (ಕಿಂಡಿ ನಿಮ್ಮ ಆಯ್ಕೆ, ಶಟರ್ ವೇಗ ಕ್ಯಾಮೆರಾದ್ದು), ಐಎಸ್‌ಒ ಆಟೊ. ಗರಿಷ್ಠ 12800. ಅತಿ ಕಡಿಮೆ ಶಟರ್ ವೇಗ ಹಗಲಿಗೆ 1/250, ರಾತ್ರಿಗೆ 1/125. ಇದನ್ನು ಕ್ಯಾಮೆರಾದ ಆಯ್ಕೆಗೇ ಬಿಟ್ಟರೆ ಅದು 35 ಎಂಎಂಗೆ 1/40ರ ಹತ್ತಿರ ಇಳಿಯುತ್ತದೆ. ಕಟ್ಟಡ ಚೂಪು, ಜನರ ಕಾಲು ಮಸುಕು. ನಗರದ ಚಿತ್ರಗಳು ಕೆಡಲು ಫೋಕಸ್ಸಿಗಿಂತ ಹೆಚ್ಚಾಗಿ ಇದೇ ಕಾರಣ.

4. ಫೋಕಸ್ ನಿರಂತರ ಮೋಡ್‌ನಲ್ಲಿರಲಿ, ಕಣ್ಣು ಗುರುತಿಸುವುದು ಚಾಲೂ ಇರಲಿ. ಸಂದಣಿಯಲ್ಲಿ ಬೇಡದವರ ಕಣ್ಣಿಗೆ ಹೋಗಿ ಕೂರುತ್ತದೆ, ಆದ್ದರಿಂದ ಅದನ್ನು ಒಂದೇ ಒತ್ತಿಗೆ ಬಂದ್ ಮಾಡುವ ಗುಂಡಿ ಗೊತ್ತುಮಾಡಿಕೊಳ್ಳಿ.

5. ಮೆಕ್ಯಾನಿಕಲ್ ಶಟರ್ ಚಾಲೂ, ಬೀಪ್ ಬಂದ್, ಫೋಕಸ್ ನೆರವಿನ ಕೆಂಪು ದೀಪವೂ ಬಂದ್.

6. ಅತಿ ಬೆಳಕಿಗೆ ಜೀಬ್ರಾ ಗೆರೆ ತೋರಿಸುವ ಸೌಲಭ್ಯವಿದ್ದರೆ 100ಕ್ಕೆ ಇಡಿ. ಮಟ್ಟ ತೋರಿಸುವ ಗೆರೆಯನ್ನೂ ಪರದೆಗೆ ತನ್ನಿ.

ಈ ಜೋಡಣೆಯನ್ನು ಮೋಡ್ ಡಯಲ್‌ನ ಒಂದು ಸಂಖ್ಯೆಗೆ ಉಳಿಸಿ, ಮಗ್ಗುಲಿನ ಸಂಖ್ಯೆಗೆ ರಾತ್ರಿಯದನ್ನು ಉಳಿಸಿ. ಕತ್ತಲಲ್ಲಿ ಮೆನು ತಡಕಾಡುವುದು ತಪ್ಪುತ್ತದೆ.

ಹಗಲು

ಹಗಲಿನದು ಹೆಚ್ಚು ಹೇಳುವಂಥದ್ದಲ್ಲ. ಎಫ್/8 ಇಟ್ಟುಕೊಳ್ಳಿ, ಎಫ್/16 ದಾಟಿದರೆ ಬೆಳಕು ಸಣ್ಣ ಕಿಂಡಿಯ ಅಂಚಿನಲ್ಲಿ ಬಾಗಿ ಇಡೀ ಚಿತ್ರ ಮೆತ್ತಗಾಗುತ್ತದೆ. ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುವುದು ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿದ್ದರಿಂದ. ಬೆನ್ನು ನೆಟ್ಟಗೆ, ಕ್ಯಾಮೆರಾ ಲಂಬ, ಹತ್ತು ಹೆಜ್ಜೆ ಹಿಂದೆ; ಕೆಳಗೆ ಬಂದ ಹೆಚ್ಚಿನ ನೆಲವನ್ನು ಆಮೇಲೆ ಕತ್ತರಿಸಿ. ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಓರೆಯಾಗಿಯೇ ತೆಗೆದು ತಂತ್ರಾಂಶದಲ್ಲಿ ನೆಟ್ಟಗಾಗಿಸಬಹುದು, ಆದರೆ ಸುತ್ತಲೂ ಜಾಗ ಬಿಟ್ಟಿರಬೇಕು. ನೆಟ್ಟಗಾಗಿಸುವಾಗ ಮೂಲೆಗಳು ಹೋಗುತ್ತವೆ, ಗೋಪುರದ ಕಳಶವೂ ಹೋದೀತು.

ಜನಸಂದಣಿಯಲ್ಲಿ ಆಟೊಫೋಕಸ್ ತಡವರಿಸಿದರೆ ದೂರವನ್ನು ಮೊದಲೇ ಕಟ್ಟಿಡುವ ಹಳೆಯ ವಿಧಾನ ಇದೆ. 35 ಎಂಎಂ, ಎಫ್/8, ಫೋಕಸ್ 3 ಮೀಟರ್. ಆಗ 1.9 ಮೀಟರಿನಿಂದ 7 ಮೀಟರ್‌ವರೆಗೆ ಎಲ್ಲವೂ ಚೂಪು. ಅದೇ 3 ಮೀಟರ್‌ಗೆ ಎಫ್/1.8 ಇಟ್ಟರೆ ಉಳಿಯುವುದು 2.65ರಿಂದ 3.45, ಎಂಬತ್ತು ಸೆಂಟಿಮೀಟರ್. ಆದ್ದರಿಂದ ಈ ಉಪಾಯ ಹಗಲಿಗೆ ಮಾತ್ರ.

ಮುಸ್ಸಂಜೆಯ ಅರ್ಧ ಗಂಟೆ

ಸೂರ್ಯ ಮುಳುಗಿದ ಕೂಡಲೇ ಕ್ಯಾಮೆರಾ ಚೀಲಕ್ಕೆ ಹಾಕುವವರೇ ಹೆಚ್ಚು. ಆದರೆ ಆಕಾಶದ ನೀಲಿಯೂ ಬೀದಿಯ ದೀಪವೂ ಸರಿಸಮ ತೂಗುವುದು ಅದಾದ ಮೇಲೆ, ಸೂರ್ಯ ದಿಗಂತಕ್ಕಿಂತ ನಾಲ್ಕರಿಂದ ಎಂಟು ಡಿಗ್ರಿ ಕೆಳಗಿರುವಾಗ. ಭೂಮಧ್ಯರೇಖೆಗೆ ಹತ್ತಿರದ ಊರುಗಳಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಹದಿನೈದನೆಯ ನಿಮಿಷದಿಂದ ಮೂವತ್ತರವರೆಗೆ ನಿಮ್ಮ ಹೊತ್ತು. ಉತ್ತರಕ್ಕೋ ದಕ್ಷಿಣಕ್ಕೋ ದೂರ ಹೋದಷ್ಟೂ ಇದು ಹಿಗ್ಗುತ್ತದೆ. ಅಷ್ಟರೊಳಗೆ ಜಾಗ ಹುಡುಕುತ್ತಾ ಅಲೆಯಲಾಗದು, ಹಗಲಲ್ಲೇ ನೋಡಿಟ್ಟುಕೊಂಡಿರಬೇಕು.

ಸೇತುವೆಯ ಕಟಾಂಜನದ ಮೇಲೆ ಕಾಳಿನ ಚೀಲ, ಅದರ ಮೇಲೆ ಕ್ಯಾಮೆರಾ. ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ. ಎಫ್/8, ಐಎಸ್‌ಒ 100, ಶಟರ್ 4 ಸೆಕೆಂಡಿನ ಆಸುಪಾಸು, ಎರಡು ಸೆಕೆಂಡಿನ ಟೈಮರ್. ಲಾರಿ ಬಸ್ಸು ಹೋದಾಗ ಸೇತುವೆ ನಡುಗುತ್ತದೆ, ಅದು ದಾಟಿ ಹೋಗುವವರೆಗೆ ಕಾಯಿರಿ. ಹಳೆಯ ಬಾಡಿಗಳಲ್ಲಿ ಅಲುಗಾಟ ತಡೆಯನ್ನು ಬಂದ್ ಮಾಡಬೇಕು, ಇಲ್ಲದಿದ್ದರೆ ಇಲ್ಲದ ಅಲುಗಾಟವನ್ನು ಹುಡುಕುತ್ತಾ ಅದೇ ಅಲುಗುತ್ತದೆ. ದೀರ್ಘ ಎಕ್ಸ್‌ಪೋಶರ್‌ನ ನಾಯ್ಸ್ ತೆಗೆಯುವ ಸೌಲಭ್ಯವನ್ನೂ ಬಂದ್ ಮಾಡಿ: ಅದು ಚಾಲೂ ಇದ್ದರೆ 8 ಸೆಕೆಂಡಿನ ಚಿತ್ರಕ್ಕೆ ಇನ್ನೂ 8 ಸೆಕೆಂಡು ಕ್ಯಾಮೆರಾ ಕಟ್ಟಿಹಾಕಿದಂತಿರುತ್ತದೆ. ಇರುವುದೇ ಹದಿನೈದು ನಿಮಿಷ. ಎರಡು ನಿಮಿಷಕ್ಕೊಂದರಂತೆ ತೆಗೆಯುತ್ತಾ ಹೋಗಿ. ಯಾವುದು ಸರಿಯಾದ ನೀಲಿ ಎಂಬುದು ಅಲ್ಲಿ ನಿಂತಾಗ ತಿಳಿಯುವುದಿಲ್ಲ.

ಈಗ ಓಣಿಗೆ ಬನ್ನಿ. ದೀಪ ಹತ್ತಿದ ಅಂಗಡಿ, ಅದರ ಮುಂದೆ ಜನ. 35 ಎಂಎಂ ಲೆನ್ಸ್‌ನಲ್ಲಿ ಎಫ್/2, 1/125, ಐಎಸ್‌ಒ 3200 ಒಂದು ನಂಬಬಹುದಾದ ಆರಂಭ. ಅದೇ ಬೆಳಕಿಗೆ ಎಫ್/4 ಜೂಮ್ ಹಿಡಿದಿದ್ದರೆ ಐಎಸ್‌ಒ 12800 ಆಗುತ್ತಿತ್ತು. ಜೂಮನ್ನು ಕೋಣೆಯಲ್ಲಿ ಬಿಟ್ಟು ಬನ್ನಿ ಎಂದದ್ದು ಇದಕ್ಕೇ. ಕ್ಯಾಮೆರಾದ ಮೀಟರ್ ಕತ್ತಲನ್ನು ಕಂಡರೆ ಬೆಳಗಿಸಲು ಹೋಗುತ್ತದೆ, ರಾತ್ರಿ ರಾತ್ರಿಯಂತೆ ಕಾಣುವುದಿಲ್ಲ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿ. ಜೀಬ್ರಾ ಗೆರೆ ಬಲ್ಬಿನ ಮೇಲಷ್ಟೇ ಇರಲಿ. ಬಲ್ಬಿನ ಕೆಳಗಿನ ಗೋಡೆಗೆ ಹಬ್ಬಿತೆಂದರೆ ಇನ್ನೂ ಇಳಿಸಿ. ಉರಿದುಹೋದ ಬೆಳಕು ರಾ ಫೈಲಿನಲ್ಲೂ ಮರಳುವುದಿಲ್ಲ, ನೆರಳನ್ನು ಆಮೇಲೆ ಎತ್ತಬಹುದು. ಹಾಗೆಂದು ಮೂರು ಸ್ಟಾಪ್ ಕಡಿಮೆ ಮಾಡಿ ಎತ್ತಲು ಹೋದರೆ ನೆರಳಲ್ಲಿ ಕೆಂಪು ಕಾಳು ತುಂಬುತ್ತದೆ.

ಮಳೆ ನಿಂತ ಮೇಲಿನ ಹತ್ತು ನಿಮಿಷ ಬಿಡಬೇಡಿ. ಕಪ್ಪು ಡಾಂಬರು ಕನ್ನಡಿಯಾಗಿ ಅಂಗಡಿಯ ಬೆಳಕನ್ನೆಲ್ಲ ನೆಲಕ್ಕೆ ಇಳಿಸುತ್ತದೆ, ನೆರಳಿನ ಭಾಗಕ್ಕೂ ಬೆಳಕು ಹರಿಯುತ್ತದೆ. ಮೊಣಕಾಲೂರಿ ಕ್ಯಾಮೆರಾವನ್ನು ನೆಲಕ್ಕೆ ಒಂದು ಗೇಣು ತನ್ನಿ, ಮಡಚುವ ಪರದೆ ಇರುವುದು ಇದಕ್ಕೇ.

ದೀಪಗಳಿಂದ ಬರುವ ತೊಂದರೆಗಳು

ಎಲ್‌ಇಡಿ ಪಟ್ಟೆ: ಸಂಜೆಯ ಚಿತ್ರಗಳನ್ನು ಹಾಳುಮಾಡುವುದರಲ್ಲಿ ಇದೇ ಮೊದಲು. 50 ಹರ್ಟ್ಸ್ ವಿದ್ಯುತ್ತಿನ ಊರಲ್ಲಿ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. ಓದಲು 1/20 ಸೆಕೆಂಡು ತೆಗೆದುಕೊಳ್ಳುವ ಬಾಡಿಯಾದರೆ ಅಷ್ಟರಲ್ಲಿ ದೀಪ ಐದು ಸಲ ಹತ್ತಿ ಆರಿರುತ್ತದೆ, ಚಿತ್ರದ ಮೇಲೆ ಅಡ್ಡಡ್ಡ ಐದು ಮಬ್ಬು ಪಟ್ಟೆ ಬಿದ್ದಿರುತ್ತದೆ. ಆಮೇಲೆ ತಂತ್ರಾಂಶದಲ್ಲಿ ಇದನ್ನು ಅಳಿಸುವುದು ದೊಡ್ಡ ಗೋಳು. ಮದ್ದು: ಮೆಕ್ಯಾನಿಕಲ್ ಶಟರ್, ವೇಗ 1/100 ಅಥವಾ 1/50. 60 ಹರ್ಟ್ಸ್ ನಾಡುಗಳಲ್ಲಿ 1/125 ಅಥವಾ 1/60. ಮಿನುಗು ತಡೆಯುವ ಮೋಡ್ ಇದ್ದರೆ ಚಾಲೂ ಮಾಡಿ, ದೀಪ ತುಂಬಾ ಬೆಳಗಿದ ಗಳಿಗೆಗೆ ಕಾದು ಶಟರ್ ಬಿಡುತ್ತದೆ. ದೊಡ್ಡ ಜಾಹೀರಾತು ಪರದೆಗಳ ಮಿನುಗು ಬೇರೆಯದೇ ಲಯದ್ದು. ವೇಗವನ್ನು 1/60ಕ್ಕಿಂತ ಕೆಳಗಿಳಿಸಿ ಮೂರ್ನಾಲ್ಕು ತೆಗೆದು, ಅಲ್ಲೇ ಹಿಗ್ಗಿಸಿ ನೋಡಿ.

ಹಸಿರು ಚುಕ್ಕೆಗಳು: ದೀಪದ ಎದುರುಮೂಲೆಯಲ್ಲಿ ಅದೇ ಆಕಾರದ ತಲೆಕೆಳಗಾದ ಮಂಕು ಹಸಿರು ಪ್ರತಿಬಿಂಬ ಕಂಡರೆ ಅಪರಾಧಿ ಲೆನ್ಸ್ ಕಾಪಾಡಲೆಂದು ಮುಂದೆ ಹಾಕುವ ಯುವಿ ಫಿಲ್ಟರ್. ಕತ್ತಲಾದ ಮೇಲೆ ಬಿಚ್ಚಿಡಿ. ಪ್ರತಿ ದೀಪದ ಸುತ್ತ ಒಂದೇ ದಿಕ್ಕಿಗೆ ಗೀರು ಬಂದರೆ ಲೆನ್ಸ್‌ನ ಮುಂಗಾಜಿನ ಮೇಲೆ ಬೆರಳಿನ ಎಣ್ಣೆ ಒರೆಸಿದ ಗುರುತಿದೆ ಎಂದರ್ಥ.

ಬಣ್ಣ: ದೀಪದ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್‌ಗೆ ಕಟ್ಟಿಟ್ಟರೆ ಹಳದಿ ದೀಪ ಹಳದಿಯಾಗಿಯೇ, ಆಕಾಶ ನೀಲಿಯಾಗಿಯೇ ಉಳಿಯುತ್ತದೆ, ಎಲ್ಲ ಚಿತ್ರಗಳಿಗೂ ಒಂದೇ ತಿದ್ದುಪಡಿ ಸಾಕಾಗುತ್ತದೆ.

ಎತ್ತರದ ಕಟ್ಟಡದ ಗಾಜಿನೊಳಗಿಂದ ತೆಗೆಯುವಾಗ ಮೆತ್ತನೆಯ ರಬ್ಬರ್ ಹುಡ್ ಗಾಜಿಗೆ ಒತ್ತಿ ಹಿಡಿಯಿರಿ. ಅದಿಲ್ಲದಿದ್ದರೆ ಕಪ್ಪು ಜಾಕೆಟ್ಟಿನ ತೋಳು ಲೆನ್ಸ್ ಸುತ್ತ ಸುತ್ತಿದರೂ ಆದೀತು.

ಆವಿ, ಧೂಳು, ನಕಲು

ತಂಪು ಕೋಣೆಯಿಂದ ಬಿಸಿ, ತೇವದ ಬೀದಿಗೆ ಬಂದ ಕೂಡಲೇ ಚೀಲ ತೆರೆಯಬೇಡಿ. ಲೆನ್ಸ್‌ನ ಮೇಲೆ ಆವಿ ಕಟ್ಟುತ್ತದೆ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಹೊರಡುವ ಅರ್ಧ ಗಂಟೆ ಮುಂಚೆ ಮುಚ್ಚಿದ ಚೀಲವನ್ನು ಏಸಿ ಇಲ್ಲದ ಮೊಗಸಾಲೆಯಲ್ಲೋ ಬಾಲ್ಕನಿಯಲ್ಲೋ ಇಟ್ಟರೆ ಗಾಜು ಹೊರಗಿನ ಬಿಸಿಗೆ ಹೊಂದಿಕೊಂಡಿರುತ್ತದೆ.

ಲೆನ್ಸ್ ಬದಲಿಸಲೇಬೇಕಾದರೆ ಕ್ಯಾಮೆರಾ ಬಂದ್ ಮಾಡಿ, ಬಾಯಿ ನೆಲದ ಕಡೆ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಬದಲಿಸಿ. ಸೆನ್ಸರ್ ಮೇಲೆ ಬಾಯಿಂದ ಊದಬೇಡಿ, ಉಗುಳಿನ ಹನಿ ಒಣಗಿ ಅಂಟುತ್ತದೆ. ಡಬ್ಬಿಯಲ್ಲಿ ಬರುವ ಒತ್ತಿದ ಗಾಳಿಯೂ ಬೇಡ, ಅದರ ದ್ರವ ಸಿಡಿದು ಕಲೆಯಾಗುತ್ತದೆ. ರಬ್ಬರ್ ಬುರುಡೆಯ ಊದುಗ ಸಾಕು.

ರಾತ್ರಿ ಕೋಣೆಗೆ ಬಂದ ಮೇಲೆ ಕ್ರಮ ತಪ್ಪಿಸಬೇಡಿ. ಮೊದಲು ಬ್ಯಾಟರಿಗಳು ಚಾರ್ಜಿಗೆ. ಆಮೇಲೆ ಕಾರ್ಡಿನಿಂದ ಎಸ್‌ಎಸ್‌ಡಿಗೆ ನಕಲು. ನಕಲಾದದ್ದರಲ್ಲಿ ಐದಾರು ಫೈಲು ತೆರೆದು ನೋಡಿ. ಕಾರ್ಡನ್ನು ಮನೆ ಮುಟ್ಟುವವರೆಗೆ ಅಳಿಸಬೇಡಿ. ಎಸ್‌ಎಸ್‌ಡಿ ಒಂದು ಚೀಲದಲ್ಲಿ, ಕಾರ್ಡು ಮೈಮೇಲಿನ ಜೇಬಿನಲ್ಲಿ. ಕೊನೆಗೆ ಎಫ್/16ರಲ್ಲಿ ಕೋಣೆಯ ಬಿಳಿ ಗೋಡೆಯ ಒಂದು ಚಿತ್ರ, ಫೋಕಸ್ ತಪ್ಪಿಸಿ, ಕ್ಯಾಮೆರಾ ತುಸು ಅಲುಗಿಸುತ್ತಾ. ಗೋಡೆಯ ಕಲೆಗಳು ಅಲುಗಿ ಅಳಿಸಿಹೋಗುತ್ತವೆ, ಸೆನ್ಸರ್‌ನ ಧೂಳು ಮಾತ್ರ ಕದಲದೆ ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ಕಂಡರೆ ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ನಾಲ್ಕು ಸಲ ಊದಿ, ಇನ್ನೊಂದು ಚಿತ್ರ ತೆಗೆದು ಹೋಯಿತೇ ನೋಡಿ ಮಲಗಿ.